ಬತ್ತಿದ್ದು ಬಾವಿಯಲ್ಲ

ಚಿತ್ರ ಯಾವಾಗಲೂ ಒಂದೇ. ಗಾಜೊಡೆದ ಉದ್ದನೆಯ ಕಿಟಕಿಗಳಿಂದ ಇಳಿಬಿಸಿಲು ಓರೆಯಾಗಿ ಬಿದ್ದಿರುತ್ತದೆ. ಗೋಡೆಯ ಬಣ್ಣ ಹಪ್ಪಳದಂತೆ ಎದ್ದು ಸುರುಳಿ ಸುತ್ತಿಕೊಂಡಿರುತ್ತದೆ. ನೆಲದ ತುಂಬ ಪಾರಿವಾಳದ ಹಿಕ್ಕೆ, ಅದರ ನಡುವೆ ಒಂದೇ ಒಂದು ಪುಟ್ಟ ಡೆಸ್ಕು. ಕರಿಹಲಗೆಯ ಮೇಲೆ ಅರ್ಧ ಅಳಿಸಿದ ಒಂದು ಲೆಕ್ಕ. (ಅದು ಆ ಕಾಲದ ಮೇಷ್ಟ್ರು ಬರೆದದ್ದೋ, ಕ್ಯಾಮೆರಾ ಹಿಡಿದು ಬಂದವರೇ ಬರೆದದ್ದೋ ಎಂದು ಕೇಳುವುದು ಅಸಭ್ಯತೆ.) ಕೆಳಗೆ ಎರಡು ಸಾಲಿನ ವಿವರಣೆ: ಕಾಲ ಇಲ್ಲಿ ನಿಂತುಹೋಗಿದೆ, ಸ್ಥಳ, ಟೆಕ್ಸಾಸಿನ ಯಾವುದೋ ಒಂದು ಹಳೆಯ ತೈಲಪಟ್ಟಣ.

ಹ್ಯೂಸ್ಟನ್ನಿನಲ್ಲಿ ತೈಲೋದ್ಯಮವನ್ನು ನೆಚ್ಚಿಕೊಂಡು ಬದುಕುವ ಕನ್ನಡದ ಮನೆಗಳು ಸಾಕಷ್ಟಿವೆ. ಅಂಥ ಒಂದು ಮನೆಯ ಹುಡುಗನಿಗೆ ಈ ಹುಚ್ಚು ಹತ್ತಿದೆ. ಶನಿವಾರ ಬೆಳಕು ಹರಿಯುವ ಮುಂಚೆ ಕಾರು ಹತ್ತಿ ಪಶ್ಚಿಮಕ್ಕೆ ಹೋಗುತ್ತಾನೆ, ಬೇಲಿ ಹಾರುತ್ತಾನೆ, ಪಾಳು ಶಾಲೆಯೊಳಗೆ ನಾಲ್ಕು ಗಂಟೆ ಕಳೆದು ಬರುತ್ತಾನೆ. ಕೆಟ್ಟ ಹುಡುಗನಲ್ಲ. ಅಲ್ಲಿಂದ ಒಂದು ಮೊಳೆಯನ್ನೂ ತರುವುದಿಲ್ಲ. ಊರಿನ ಹೆಸರು ಯಾಕೆ ಹಾಕುವುದಿಲ್ಲ ಎಂದು ಕೇಳಿದೆ. ಹಾಕಿದರೆ ಮರುವಾರವೇ ಯಾರಾದರೂ ಬಂದು ತಾಮ್ರದ ತಂತಿ ಕಿತ್ತುಕೊಂಡು ಹೋಗುತ್ತಾರೆ ಎಂದ. ಸರಿಯಾದ ಮಾತೇ. ಆ ಊರು ಯಾಕೆ ಹೀಗಾಯಿತು ಎಂದು ಕೇಳಿದೆ.

"ಎಣ್ಣೆ ಮುಗೀತು ಅಂಕಲ್. ಅಷ್ಟೇ."

ಈ ಲೇಖನ ಆ 'ಅಷ್ಟೇ'ಯ ಮೇಲೆ.

ಅದು ಅವನೊಬ್ಬನ ಮಾತಲ್ಲ. ದಪ್ಪ ಕಾಗದದ ಚಿತ್ರಸಂಪುಟಗಳ ಮುನ್ನುಡಿಗಳಲ್ಲಿ, ಪ್ರವಾಸ ಲೇಖನಗಳಲ್ಲಿ, ಅರ್ಥಶಾಸ್ತ್ರ ಬಲ್ಲವರ ಗಂಭೀರ ದನಿಯಲ್ಲಿ ಇದೇ ಮಾತು ಬೇರೆ ಬೇರೆ ಅಂಗಿ ತೊಟ್ಟು ಬರುತ್ತದೆ. ಎಣ್ಣೆ ಬಂತು, ಜನ ಬಂದರು, ಶಾಲೆ ಎದ್ದಿತು; ಎಣ್ಣೆ ಹೋಯಿತು, ಜನ ಹೋದರು, ಶಾಲೆ ಬಿತ್ತು. ಪರಿಸರದ ಕಾಳಜಿಯವರು ಒಂದು ಹೆಜ್ಜೆ ಮುಂದೆ ಹೋಗಿ, ನೆಲ ಬಗೆದು ತಿಂದವರಿಗೆ ತಕ್ಕ ಶಾಸ್ತಿ ಎನ್ನುತ್ತಾರೆ. ಇವರೆಲ್ಲ ಒಮ್ಮತದಿಂದ ಒಪ್ಪುವುದು ಒಂದನ್ನು: ಇದನ್ನು ಯಾರೂ ಮಾಡಲಿಲ್ಲ, ತಾನಾಗಿ ಆಯಿತು. ಕರ್ತೃವಿಲ್ಲದ ಕ್ರಿಯಾಪದ. ನನ್ನ ತಕರಾರು ಆ ವ್ಯಾಕರಣದ ಮೇಲಿದೆ.

ಎಣ್ಣೆ ಮುಗಿದ ಊರು ಎಂದೊಡನೆ ಎಲ್ಲರೂ ಬೊಟ್ಟು ಮಾಡುವುದು ರೇಂಜರ್ ಕಡೆಗೆ. ಫೋರ್ಟ್ ವರ್ತ್‌ನಿಂದ ಅಬಿಲೀನ್‌ಗೆ ಹೋಗುವ ದಾರಿಯ ಊರು. 1917ರಲ್ಲಿ ಬರ ಬಿದ್ದು ಬೆಳೆ ಸುಟ್ಟಾಗ ಊರ ಮುಖ್ಯಸ್ಥರು ಹತ್ತಿರದ ಥರ್ಬರ್‌ನಲ್ಲಿದ್ದ ಕಲ್ಲಿದ್ದಲು ಕಂಪನಿಯ ಡಬ್ಲ್ಯು. ಕೆ. ಗಾರ್ಡನ್ ಎಂಬಾತನ ಬಳಿ ಹೋಗಿ, ನಮ್ಮ ನೆಲದಲ್ಲೂ ಒಂದು ಬಾವಿ ತೋಡಿ ನೋಡಿ ಎಂದು ಕೇಳಿಕೊಂಡರು. ಆ ವರ್ಷದ ಅಕ್ಟೋಬರಿನಲ್ಲಿ ಮೆಕ್‌ಲೆಸ್ಕಿ ಎಂಬ ರೈತನ ಹೊಲದಲ್ಲಿ ಎಣ್ಣೆ ಚಿಮ್ಮಿತು. ಸಾವಿರ ಜನರೂ ಇರದಿದ್ದ ಊರು 1920ರ ಜನಗಣತಿಯ ಹೊತ್ತಿಗೆ 16 ಸಾವಿರ ದಾಟಿತ್ತು. ನಡುವಿನ ಉಬ್ಬರದಲ್ಲಿ ಮೂವತ್ತು ಸಾವಿರ ಇತ್ತೆಂದು ಹೇಳುವವರಿದ್ದಾರೆ. ಬೀದಿಯ ಕೆಸರು ಎಷ್ಟಿತ್ತೆಂದರೆ ಜನರನ್ನು ಬೆನ್ನ ಮೇಲೆ ಹೊತ್ತು ಈ ಬದಿಯಿಂದ ಆ ಬದಿಗೆ ದಾಟಿಸುವುದೇ ಒಂದು ಉದ್ಯೋಗವಾಗಿತ್ತು. ಪಕ್ಕದ ಸಿಸ್ಕೋ ಊರಿಗೆ 1919ರಲ್ಲಿ ಬ್ಯಾಂಕು ಕೊಳ್ಳಲು ಬಂದ ಕಾನ್ರಾಡ್ ಹಿಲ್ಟನ್ ಎಂಬ ತರುಣ, ಮೋಬ್ಲಿ ಎಂಬ ಹೋಟೆಲಿನಲ್ಲಿ ಎಂಟೆಂಟು ಗಂಟೆಯ ಪಾಳಿಯಲ್ಲಿ ಹಾಸಿಗೆ ಬಾಡಿಗೆಗೆ ಹೋಗುವುದನ್ನು ಕಂಡು ಬ್ಯಾಂಕನ್ನು ಬಿಟ್ಟು ಹೋಟೆಲನ್ನೇ ಕೊಂಡ. ಇಂದು ಜಗತ್ತಿನ ಮೂಲೆಮೂಲೆಯಲ್ಲಿ ಇರುವ ಆ ಹೆಸರಿನ ಹೋಟೆಲುಗಳ ಮೊದಲ ಮೆಟ್ಟಿಲು ಅದು.

1921ರ ಹೊತ್ತಿಗೆ ಊರಿನ ಬ್ಯಾಂಕುಗಳು ಮುಳುಗುತ್ತಿದ್ದವು. 1930ರಲ್ಲಿ ಉಳಿದವರು ಆರು ಸಾವಿರ ಚಿಲ್ಲರೆ. ಇಂದು ಸುಮಾರು 2,300. ಎಣ್ಣೆ ಮುಗಿದದ್ದಲ್ಲವೇ ಮತ್ತೆ?

ನಮ್ಮೂರಿನ ಗೋಲಿಸೋಡಾ ನೆನಪಿಸಿಕೊಳ್ಳಿ. ಗೋಲಿ ಒತ್ತಿದೊಡನೆ ಸೋಡಾ ಮೇಲಕ್ಕೆ ಉಕ್ಕುವುದು ಒಳಗಿನ ಗ್ಯಾಸಿನ ಬಲದಿಂದ. ಗ್ಯಾಸೆಲ್ಲ ಹಾರಿಹೋದರೆ ಉಳಿದದ್ದು ಬಾಟಲಿಯ ತಳದಲ್ಲೇ ಉಳಿಯುತ್ತದೆ. ನೆಲದಡಿಯ ಎಣ್ಣೆಯೂ ಬಹುಮಟ್ಟಿಗೆ ಹಾಗೆಯೇ. ಅಂದಿನ ಟೆಕ್ಸಾಸಿನ ನ್ಯಾಯಾಲಯಗಳು ಒಪ್ಪಿದ ನಿಯಮ: ಯಾರ ಬಾವಿಯಿಂದ ಮೇಲೆ ಬಂತೋ ಎಣ್ಣೆ ಅವರದು, ಅದು ಪಕ್ಕದವನ ನೆಲದಡಿಯಿಂದ ಹರಿದು ಬಂದಿದ್ದರೂ. ಹೀಗಿರುವಾಗ ನಿಧಾನಿಸಿದವನು ಮೂರ್ಖ. ಪಕ್ಕದವನು ಬೇಲಿಯ ಅಂಚಿಗೆ ತೋಡಿದರೆ ನಾನೂ ಅಂಚಿಗೆ ತೋಡಬೇಕು. ಒಂದು ಎಳನೀರಿಗೆ ಹತ್ತು ಮಕ್ಕಳು ಹತ್ತು ಕೊಳವೆ ಹಾಕಿ ಹೀರಿದ ಹಾಗೆ ರೇಂಜರ್‌ನಲ್ಲಿ ಹೀರಿದರು. ಮೇಲೆ ಬಂದ ಗ್ಯಾಸಿಗೆ ಮಾರುಕಟ್ಟೆ ಇರಲಿಲ್ಲ, ಗಾಳಿಗೆ ಬಿಟ್ಟರು, ಸುಟ್ಟರು. ಒತ್ತಡ ಕುಸಿಯಿತು. ಎಣ್ಣೆಯ ದೊಡ್ಡ ಪಾಲು ಅಲ್ಲೇ ಕೆಳಗೆ ಕುಳಿತಿತು. ಬಾವಿಯಿಂದ ಬಾವಿಗೆ ಇಷ್ಟು ದೂರವಿರಬೇಕು ಎಂಬ ನಿಯಮವನ್ನು ರಾಜ್ಯ ತಂದದ್ದು 1919ರಲ್ಲಿ. ರೇಂಜರ್‌ನ ಮಟ್ಟಿಗೆ ಅದು ಮನೆ ಸುಟ್ಟ ಮೇಲೆ ತೋಡಿದ ಬಾವಿ. ಮುಗಿಯಿತು ಎನ್ನುವುದಕ್ಕೂ ಪೋಲು ಮಾಡಿದರು ಎನ್ನುವುದಕ್ಕೂ ಇರುವ ಅಂತರ ಸಣ್ಣದಲ್ಲ. ಮೊದಲನೆಯದು ಭೂಗರ್ಭದ ವಿಷಯ, ಎರಡನೆಯದು ಕಾನೂನಿನದು.

ಇನ್ನೊಂದು ಸಂಗತಿ ಯಾರ ಚಿತ್ರದಲ್ಲೂ ಬರುವುದಿಲ್ಲ. ಬ್ಯಾಂಕು ಮುಳುಗಿ, ಊರಿನ ಬಹಳ ಜನ ಗಂಟುಮೂಟೆ ಕಟ್ಟಿ ಹೋದ ಮೇಲೆ, 1926ರಲ್ಲಿ, ರೇಂಜರ್ ಒಂದು ಜೂನಿಯರ್ ಕಾಲೇಜು ತೆರೆಯಿತು. ಅದು ಇಂದಿಗೂ ನಡೆಯುತ್ತಿದೆ, ಮಕ್ಕಳು ಹಾಜರಿ ಹೇಳುತ್ತಿದ್ದಾರೆ. ಎಣ್ಣೆಯ ಜೊತೆ ಶಾಲೆಯೂ ಸಾಯುವುದು ವಿಧಿನಿಯಮವಾದರೆ ಈ ಕಾಲೇಜು ಎಲ್ಲಿಂದ ಬಂತು?

ಇದಕ್ಕಿಂತ ಗಟ್ಟಿ ಸಾಕ್ಷಿ ರಾಜ್ಯದ ಪೂರ್ವ ಅಂಚಿನಲ್ಲಿದೆ. 1930ರಲ್ಲಿ ಪೂರ್ವ ಟೆಕ್ಸಾಸಿನ ದೈತ್ಯ ತೈಲಕ್ಷೇತ್ರ ಸಿಕ್ಕ ಮೇಲೆ ನ್ಯೂ ಲಂಡನ್ ಎಂಬ ಹಳ್ಳಿಯ ಶಾಲಾ ಜಿಲ್ಲೆ ಅಮೆರಿಕದ ಅತ್ಯಂತ ಶ್ರೀಮಂತ ಗ್ರಾಮೀಣ ಶಾಲಾ ಜಿಲ್ಲೆಗಳಲ್ಲಿ ಒಂದಾಯಿತು. ಸುಮಾರು ಹತ್ತು ಲಕ್ಷ ಡಾಲರಿನಲ್ಲಿ ಶಾಲೆ ಕಟ್ಟಿತು. ಆಟದ ಮೈದಾನಕ್ಕೆ ವಿದ್ಯುದ್ದೀಪ ಹಾಕಿಸಿತು. ಅಂಥ ಶಾಲೆಯ ಆಡಳಿತ ಮಂಡಳಿ 1937ರ ಆರಂಭದಲ್ಲಿ ತಿಂಗಳಿಗೆ ಮುನ್ನೂರು ಡಾಲರಿನ ಆಸುಪಾಸು ಉಳಿಸಲೆಂದು ಗ್ಯಾಸಿನ ಗುತ್ತಿಗೆಯನ್ನು ರದ್ದು ಮಾಡಿ, ತೈಲಕ್ಷೇತ್ರದ ಉಳಿಕೆ ಗ್ಯಾಸಿನ ಕೊಳವೆಗೆ ತನ್ನ ಕೊಳವೆ ಜೋಡಿಸಿಕೊಂಡಿತು. ಆ ಸುತ್ತಿನಲ್ಲಿ ಎಲ್ಲರೂ ಹಾಗೆ ಮಾಡುತ್ತಿದ್ದರು. ಆ ಗ್ಯಾಸಿಗೆ ವಾಸನೆಯಿಲ್ಲ. ಸೋರಿದ್ದು ನೆಲಮಾಳಿಗೆಯಲ್ಲಿ ತುಂಬಿಕೊಂಡದ್ದು ಯಾರ ಮೂಗಿಗೂ ತಿಳಿಯಲಿಲ್ಲ. ಮಾರ್ಚ್ 18ರ ಮಧ್ಯಾಹ್ನ, ಶಾಲೆ ಬಿಡಲು ಕೆಲವೇ ನಿಮಿಷವಿರುವಾಗ, ಕಟ್ಟಡ ನೆಲದಿಂದ ಎದ್ದು ಕುಸಿಯಿತು. ಸುಮಾರು ಮುನ್ನೂರು ಜೀವ, ಬಹುತೇಕ ಮಕ್ಕಳು. ತೈಲಬಾವಿಗಳ ಕೆಲಸದಿಂದ ಓಡಿಬಂದ ತಂದೆಯಂದಿರು ರಾತ್ರಿಯಿಡೀ ಬರಿಗೈಯಲ್ಲಿ ಇಟ್ಟಿಗೆ ಸರಿಸಿದರು. ಮುಂದೆ ಅಮೆರಿಕದ ದೂರದರ್ಶನ ಸುದ್ದಿಯ ದೊಡ್ಡ ಹೆಸರಾದ ವಾಲ್ಟರ್ ಕ್ರಾಂಕೈಟ್ ಅಂದು ಇಪ್ಪತ್ತರ ಹರೆಯದ ವರದಿಗಾರನಾಗಿ ಆ ರಾತ್ರಿ ಅಲ್ಲಿದ್ದ. ಇಂದು ನಿಮ್ಮ ಅಡುಗೆಮನೆಯ ಸಿಲಿಂಡರು ಸೋರಿದರೆ ಕೊಳೆತ ವಾಸನೆ ಬರುತ್ತದಲ್ಲ, ಗ್ಯಾಸಿಗೆ ಹಾಗೆ ವಾಸನೆ ಬೆರೆಸಲೇಬೇಕೆಂದು ಟೆಕ್ಸಾಸ್ ಕಾನೂನು ಮಾಡಿದ್ದು ಆ ಮಕ್ಕಳು ಸತ್ತ ಕೆಲವೇ ವಾರಗಳಲ್ಲಿ.

ಜಗತ್ತಿನಲ್ಲಿ ಯಾವುದಾದರೂ ಒಂದು ತೈಲಪಟ್ಟಣದ ಶಾಲೆಗೆ ಪಾಳು ಬೀಳುವ ಹಕ್ಕಿದ್ದರೆ ಅದು ಈ ಶಾಲೆಗೆ ಇತ್ತು. ಅದು ಪಾಳು ಬೀಳಲಿಲ್ಲ. ಉಳಿದ ಮಕ್ಕಳಿಗೆ ತಾತ್ಕಾಲಿಕ ಕೊಠಡಿಗಳಲ್ಲಿ ಪಾಠ ಮುಂದುವರಿಯಿತು. ಅದೇ ಆವರಣದಲ್ಲಿ ಹೊಸ ಕಟ್ಟಡ ಎದ್ದಿತು. 1965ರಲ್ಲಿ ಪಕ್ಕದ ಶಾಲೆಯೊಡನೆ ಸೇರಿ ವೆಸ್ಟ್ ರಸ್ಕ್ ಎಂಬ ಹೊಸ ಹೆಸರಿನಲ್ಲಿ ಇಂದಿಗೂ ನಡೆಯುತ್ತಿದೆ. ಎದುರಿಗೆ ಗ್ರಾನೈಟಿನ ಸ್ಮಾರಕ, ಅದರ ಮೇಲೆ ಹೆಸರುಗಳು. ಊರು ಮನಸ್ಸು ಮಾಡಿತು, ರಾಜ್ಯ ಅಡ್ಡ ಬರಲಿಲ್ಲ, ತೆರಿಗೆಯ ಹಣ ಊರಿನಲ್ಲೇ ಇತ್ತು. ಪಾಳು ಶಾಲೆಗಳ ಯಾತ್ರಿಕರು ಇಲ್ಲಿಗೆ ಬರುವುದಿಲ್ಲ. ಗಾಜೊಡೆದಿಲ್ಲ, ಬಿಸಿಲು ಓರೆಯಾಗಿ ಬೀಳುವುದಿಲ್ಲ.

ಈಗ ಹಣ ಊರಿನಲ್ಲಿ ಉಳಿಯದ ಕಥೆ. ಪಶ್ಚಿಮ ಟೆಕ್ಸಾಸಿನ ರೇಗನ್ ಕೌಂಟಿ, ಸ್ಯಾಂಟಾ ರೀಟಾ ನಂಬರ್ 1 ಎಂಬ ಬಾವಿ. ಅಸಾಧ್ಯವನ್ನು ಸಾಧ್ಯ ಮಾಡುವ ಸಂತ ರೀಟಾಳ ಹೆಸರಿಡಿ ಎಂದು ನ್ಯೂಯಾರ್ಕಿನ ಕ್ಯಾಥೊಲಿಕ್ ಮಹಿಳೆಯರು, ಅದರಲ್ಲಿ ಹಣ ಹೂಡಿದವರು, ಒಣ ಗುಲಾಬಿ ದಳ ಕೊಟ್ಟು ಕಳಿಸಿದ್ದರು. ಫ್ರಾಂಕ್ ಪಿಕ್ರೆಲ್ ಎಂಬಾತ ಅಟ್ಟಣಿಗೆಯ ತುದಿಗೆ ಹತ್ತಿ ಆ ದಳ ಚೆಲ್ಲಿದ. 646 ದಿನ ತೋಡಿದ ಮೇಲೆ 1923ರ ಮೇ 28ರಂದು ಎಣ್ಣೆ ಬಂತು. ಆ ನೆಲ ಸರ್ಕಾರ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆಂದು ಬಿಟ್ಟುಕೊಟ್ಟಿದ್ದ ಒಣನೆಲ. ಒಳ್ಳೆಯ ನೆಲವನ್ನು ಕೊಡಲು ಮನಸ್ಸಾಗದೆ, ಕುರಿ ಮೇಯಲೂ ಹುಲ್ಲಿಲ್ಲದ ಇಪ್ಪತ್ತು ಲಕ್ಷ ಎಕರೆಯನ್ನು ಎರಡು ಕಂತಿನಲ್ಲಿ ಗೊತ್ತುಮಾಡಿದ್ದರು. ಆ ವರ್ಷದ ಆಗಸ್ಟಿನಲ್ಲಿ ವಿಶ್ವವಿದ್ಯಾಲಯಕ್ಕೆ ಬಂದ ಮೊದಲ ರಾಯಲ್ಟಿ ಚೆಕ್ಕು 516 ಡಾಲರ್ 53 ಸೆಂಟಿನದು. ಇಂದು ಆ ಹಣ ಸೇರುವ ಶಾಶ್ವತ ನಿಧಿ ಮೂರು ಸಾವಿರ ಕೋಟಿ ಡಾಲರ್ ಮೀರಿದೆ. ಆಸ್ಟಿನ್‌ನ ವಿಶ್ವವಿದ್ಯಾಲಯಕ್ಕೂ ಎ ಅಂಡ್ ಎಂ ವಿಶ್ವವಿದ್ಯಾಲಯಕ್ಕೂ ಆ ಹಣ ಹರಿಯುತ್ತದೆ. ನಮ್ಮ ಕಡೆಯ ಎಷ್ಟೋ ಮಕ್ಕಳು ಎಂ.ಎಸ್. ಮಾಡಲು ಹೋಗಿ ಆ ನೆರಳಿನಲ್ಲಿ ಕುಳಿತು ಓದಿದ್ದಾರೆ. ಪಾಳು ಶಾಲೆಯ ಚಿತ್ರ ತೆಗೆಯುವ ಹುಡುಗನೂ ಅಲ್ಲಿಯೇ ಓದಿದವನು.

ಆ ಬಾವಿಯ ಪಕ್ಕ ಬಿಗ್ ಲೇಕ್ ಆಯಿಲ್ ಕಂಪನಿ ಟೆಕ್ಸಾನ್ ಎಂಬ ಊರನ್ನು ಕಟ್ಟಿತು. ಶಾಲೆ, ಚರ್ಚು, ಆಸ್ಪತ್ರೆ, ಚಿತ್ರಮಂದಿರ, ಈಜುಕೊಳ, ಗಾಲ್ಫ್ ಮೈದಾನ, ಊರಿಗೊಂದು ಬೇಸ್‌ಬಾಲ್ ತಂಡ. 1930ರ ದಶಕದಲ್ಲಿ ಸುಮಾರು 1,200 ಜನ. ಮನೆ ಕಂಪನಿಯದು, ನೆಲ ವಿಶ್ವವಿದ್ಯಾಲಯದ್ದು, ಎಣ್ಣೆ ಇಬ್ಬರದು. ಊರಿನವರದು ಎನ್ನುವಂಥದು ಮಕ್ಕಳು ಮಾತ್ರ. ಕಂಪನಿಯ ಒಡೆತನ ಕೈಬದಲಾಗಿ 1962ರಲ್ಲಿ ಹೊಸ ಮಾಲೀಕರು ಬಂದಾಗ, ಊರು ನಡೆಸುವುದು ನಮ್ಮ ವ್ಯಾಪಾರವಲ್ಲ ಎಂದು ತೀರ್ಮಾನಿಸಿದರು. ಜನ ಹೋದರು. ಇಂದು ಟೆಕ್ಸಾನ್ ಪ್ರೇತನಗರಗಳ ಪಟ್ಟಿಯಲ್ಲಿದೆ. ಆ ಕೌಂಟಿಯಲ್ಲಿ ಎಣ್ಣೆ ತೆಗೆಯುವುದು ನಿಂತಿದೆಯೇ? ಇಲ್ಲ, ಈ ಹೊತ್ತಿಗೂ ತೆಗೆಯುತ್ತಿದ್ದಾರೆ. ಸ್ಯಾಂಟಾ ರೀಟಾ ಬಾವಿಯ ಮೂಲ ಯಂತ್ರವನ್ನು ಮಾತ್ರ ಜೋಪಾನವಾಗಿ ಸಾಗಿಸಿ ಆಸ್ಟಿನ್‌ನ ವಿಶ್ವವಿದ್ಯಾಲಯದ ಅಂಗಳದಲ್ಲಿ ನಿಲ್ಲಿಸಿದ್ದಾರೆ. ಯಂತ್ರಕ್ಕೆ ವಿದ್ಯಾಭ್ಯಾಸ ಸಿಕ್ಕಿತು.

ಉನ್ನತ ಶಿಕ್ಷಣಕ್ಕೆ ಹಣ ಹೋದದ್ದು ತಪ್ಪೇ ಎಂದು ಕೇಳಬಹುದು. ತಪ್ಪಲ್ಲ. ಶಾಲೆಗಳಿಗೂ 1854ರಲ್ಲಿ ಹುಟ್ಟಿದ ಬೇರೆಯದೇ ನಿಧಿಯಿದೆ, ಅದಕ್ಕೂ ತೈಲದ ಪಾಲು ಬರುತ್ತದೆ ಎಂದೂ ಬಲ್ಲವರು ಹೇಳಬಹುದು. ಅದೂ ನಿಜ. ಆದರೆ ಟೆಕ್ಸಾಸಿನಲ್ಲಿ ಶಾಲೆಗೆ ರಾಜ್ಯದ ಹಣ ಸಿಗುವುದು ದಿನದ ಸರಾಸರಿ ಹಾಜರಿಯ ಲೆಕ್ಕದಲ್ಲಿ. ಹತ್ತು ಮಕ್ಕಳು ಊರು ಬಿಟ್ಟರೆ ಹತ್ತು ಮಕ್ಕಳ ಹಣ ಹೋಗುತ್ತದೆ. ಛಾವಣಿ ಮಾತ್ರ ಅಷ್ಟೇ ಅಗಲ, ಚಳಿಗಾಲ ಅಷ್ಟೇ ಚಳಿ, ವಿಜ್ಞಾನದ ಮೇಷ್ಟ್ರು ಒಬ್ಬರು ಬೇಕೇ ಬೇಕು. ಕುಗ್ಗುವ ಊರಿನ ಶಾಲೆಯನ್ನು ಈ ಲೆಕ್ಕ ಕುಗ್ಗುವುದಕ್ಕಿಂತ ಬೇಗ ಕೊಲ್ಲುತ್ತದೆ. ಇದರ ಜೊತೆಗೆ, 1949ರಲ್ಲಿ, ಗಿಲ್ಮರ್ ಮತ್ತು ಐಕಿನ್ ಎಂಬ ಇಬ್ಬರು ಶಾಸಕರ ಹೆಸರಿನ ಕಾನೂನುಗಳು ರಾಜ್ಯದ ಸುಮಾರು 4,500 ಶಾಲಾ ಜಿಲ್ಲೆಗಳನ್ನು ಒಗ್ಗೂಡಿಸಿ 2,900ಕ್ಕೆ ಇಳಿಸಿದವು. ಇಡೀ ದೇಶದಲ್ಲಿ 1940ರ ಹೊತ್ತಿಗೆ ಒಂದು ಲಕ್ಷ ಹದಿನೇಳು ಸಾವಿರ ಇದ್ದ ಶಾಲಾ ಜಿಲ್ಲೆಗಳು ನಾಲ್ಕು ದಶಕಗಳಲ್ಲಿ ಹದಿನಾರು ಸಾವಿರದ ಒಳಗೆ ಬಂದವು. ಎಣ್ಣೆಯ ಹನಿಯೂ ಇಲ್ಲದ ಜೋಳದ ಸೀಮೆಯಲ್ಲೂ ಶಾಲೆಗಳು ಹೀಗೆಯೇ ಮುಚ್ಚಿದವು. ಹಳದಿ ಬಸ್ಸು ಬಂತು, ಡಾಂಬರು ರಸ್ತೆ ಬಂತು, ದೊಡ್ಡ ಶಾಲೆಯೇ ಒಳ್ಳೆಯ ಶಾಲೆ ಎಂಬ ಪಂಡಿತರ ಒಮ್ಮತ ಬಂತು. ಒಂದಿಷ್ಟು ಒಳ್ಳೆಯದೂ ಆಯಿತು. ಮೇಷ್ಟ್ರುಗಳ ಸಂಬಳ ಏರಿತು, ಪ್ರಯೋಗಶಾಲೆ ಕಾಣದ ಮಕ್ಕಳು ಪ್ರಯೋಗಶಾಲೆ ಕಂಡರು. ಆದರೆ ಇದೆಲ್ಲ ಸಭೆ ಸೇರಿ, ಕೈಯೆತ್ತಿ, ನಡಾವಳಿ ಬರೆದು ಮಾಡಿದ ಕೆಲಸ. ಕಾಲ ನಿಂತದ್ದರಿಂದ ಆದದ್ದಲ್ಲ.

ಆ ಸಭೆಗಳಲ್ಲಿ ಯಾರ ಶಾಲೆ ಮೊದಲು ಹೋಯಿತು ಎಂಬುದಕ್ಕೂ ಒಂದು ಕ್ರಮವಿತ್ತು. ಟೆಕ್ಸಾಸಿನ 1876ರ ಸಂವಿಧಾನವೇ ಬಿಳಿಯರಿಗೂ ಕರಿಯರಿಗೂ ಬೇರೆ ಬೇರೆ ಶಾಲೆ ಎಂದು ವಿಧಿಸಿತ್ತು. ಅದು ಸಲ್ಲದು ಎಂದ 1954ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ, ಹತ್ತು ಹದಿನೈದು ವರ್ಷ ಎಳೆದಾಡಿ ಕೊನೆಗೆ ಒಂದಾಗಿಸಿದಾಗ, ಊರೂರಲ್ಲಿ ಬೀಗ ಬಿದ್ದದ್ದು ಕರಿಯರ ಶಾಲೆಗೆ. ಕೆಲಸ ಕಳೆದುಕೊಂಡದ್ದು ಬಹುಪಾಲು ಕರಿಯ ಶಿಕ್ಷಕರು. ಅಂಥ ಕಟ್ಟಡಕ್ಕೂ ಇಂದು ಅದೇ ಶೀರ್ಷಿಕೆ ಬೀಳುತ್ತದೆ, ಅದೇ ಓರೆಬಿಸಿಲು. ನೋಡುವವನಿಗೆ ಅದು ಯಾರ ಶಾಲೆಯಾಗಿತ್ತು ಎಂದು ತಿಳಿಯುವ ದಾರಿಯೇ ಇಲ್ಲ.

ಎಣ್ಣೆ ಮುಗಿಯಿತು ಎನ್ನುವವರನ್ನು ನಾನು ಕೈಹಿಡಿದು ಕರೆದೊಯ್ಯಲು ಬಯಸುವುದು ಫಿಲಿಪ್ಸ್ ಎಂಬ ಊರಿಗೆ. ಊರು ಎಂದೆ, ಅದು ಈಗಿಲ್ಲ. ಟೆಕ್ಸಾಸಿನ ಉತ್ತರದ ಚಾಚಿನಲ್ಲಿ, 1926ರಲ್ಲಿ ಎಣ್ಣೆಯ ಉಬ್ಬರದಲ್ಲಿ ಹುಟ್ಟಿದ ಬೋರ್ಗರ್ ಪಟ್ಟಣದ ಮಗ್ಗುಲಿಗೆ, ರಿಫೈನರಿಯ ಗೋಡೆಗೆ ಅಂಟಿಕೊಂಡು ಅದು ಇತ್ತು. ಎರಡು ಕ್ಯಾಂಪುಗಳನ್ನು ಸೇರಿಸಿ 1938ರಲ್ಲಿ ಕಂಪನಿಯ ಹೆಸರನ್ನೇ ಇಟ್ಟರು. ಒಂದು ಕಾಲಕ್ಕೆ ನಾಲ್ಕು ಸಾವಿರ ಜನ. ಹೈಸ್ಕೂಲಿನ ಫುಟ್‌ಬಾಲ್ ತಂಡದ ಹೆಸರು ಬ್ಲ್ಯಾಕ್‌ಹಾಕ್ಸ್. ಮನೆಗಳು ನಿವಾಸಿಗಳವು, ಮನೆಯಡಿಯ ನೆಲ ಮಾತ್ರ ಅವರದಲ್ಲ. ಈ ಒಂದು ವಾಕ್ಯದಲ್ಲಿ ಊರಿನ ಜಾತಕವಿದೆ. 1980ರ ಜನವರಿಯಲ್ಲಿ ರಿಫೈನರಿಯಲ್ಲಿ ದೊಡ್ಡ ಸ್ಫೋಟವಾಗಿ ಮನೆಗಳು ಹಾಳಾದವು. ಕೆಲವು ವರ್ಷಗಳಲ್ಲಿ, ನೆಲ ತೆರವು ಮಾಡಿ ಎಂಬ ಸೂಚನೆ ಬಂತು. ಜನ ಹ್ಯೂಸ್ಟನ್ನಿನ ಹೆಸರಾಂತ ವಕೀಲರನ್ನು ಹಿಡಿದು ಕೋರ್ಟಿಗೆ ಹೋದರು, ನೆಲ ಉಳಿಯಲಿಲ್ಲ. ಮನೆಗಳನ್ನು ಬುಡಸಮೇತ ಎತ್ತಿ ಲಾರಿಯ ಮೇಲಿಟ್ಟು ಬೇರೆಡೆಗೆ ಸಾಗಿಸಿದವರಿದ್ದರು. 1987ರಲ್ಲಿ ಶಾಲಾ ಜಿಲ್ಲೆ ನೆರೆಯದರೊಂದಿಗೆ ವಿಲೀನವಾಯಿತು. ಆ ಜಿಲ್ಲೆಯ ಇಂದಿನ ಹೆಸರು ಪ್ಲೆಮನ್ಸ್-ಸ್ಟಿನೆಟ್-ಫಿಲಿಪ್ಸ್. ಮೂರು ಊರಿನ ಹೆಸರು, ಅದರಲ್ಲಿ ಎರಡು ಊರು ಭೂಪಟದ ಮೇಲಿಲ್ಲ.

ರಿಫೈನರಿ? ಅದು ಅಲ್ಲೇ ಇದೆ. ಹಗಲೂ ರಾತ್ರಿ ನಡೆಯುತ್ತಿದೆ, ದೀಪ ಉರಿಯುತ್ತಿದೆ, ಪಾಳಿ ಬದಲಾಗುತ್ತಿದೆ. ಎಣ್ಣೆ ಹೋದದ್ದರಿಂದ ಊರು ಹೋಗಲಿಲ್ಲ. ಎಣ್ಣೆಗೆ ಊರು ಅಡ್ಡವಾಯಿತು.

ಈಗ ಮೆಂಟೋನ್ ನೋಡಿ. ಲವಿಂಗ್ ಕೌಂಟಿಯ ಏಕೈಕ ಊರು. 2020ರ ಗಣತಿಯಲ್ಲಿ ಇಡೀ ಕೌಂಟಿಯ ಜನಸಂಖ್ಯೆ 64. ಅಲ್ಲಿಯ ಶಾಲೆ 1972ರಲ್ಲಿ ಮುಚ್ಚಿತು, ಮಕ್ಕಳು ಇಬ್ಬರೇ ಉಳಿದಿದ್ದರು. ಅಂದಿನಿಂದ ಮಕ್ಕಳನ್ನು ಬಸ್ಸಿನಲ್ಲಿ ಐವತ್ತು ಕಿಲೋಮೀಟರ್ ಆಸುಪಾಸಿನ ವಿಂಕ್‌ಗೆ ಕಳಿಸುತ್ತಾರೆ. (ವಿಂಕ್ ಗಾಯಕ ರಾಯ್ ಆರ್ಬಿಸನ್ ಓದಿದ ಊರು, 1920ರ ದಶಕದ ಇನ್ನೊಂದು ಉಬ್ಬರದ ಕೂಸು. ಅದರ ಹೊರವಲಯದಲ್ಲಿ 1980ರಲ್ಲಿ ಒಮ್ಮೆ, 2002ರಲ್ಲಿ ಇನ್ನೊಮ್ಮೆ ಹಳೆಯ ತೈಲಕ್ಷೇತ್ರದ ನೆಲ ಬಾಯಿಬಿಟ್ಟು ಕುಸಿದು ಎರಡು ದೈತ್ಯ ಗುಂಡಿಗಳಾಗಿವೆ. ಅವುಗಳ ಕಥೆ ಬೇರೆಯೇ.) ಇಬ್ಬರು ಮಕ್ಕಳಿಗಾಗಿ ಶಾಲೆ ನಡೆಸಿ ಎಂದು ನಾನೂ ಹಟ ಹಿಡಿಯುವುದಿಲ್ಲ. ಆದರೆ ಲವಿಂಗ್ ಕೌಂಟಿ ಇಂದು ಟೆಕ್ಸಾಸಿನ ಅತಿ ಹೆಚ್ಚು ಎಣ್ಣೆ ತೆಗೆಯುವ ಕೌಂಟಿಗಳಲ್ಲಿ ಒಂದು. ರಸ್ತೆಯಲ್ಲಿ ಲಾರಿಗಳ ಸಾಲು ಕಡಿಯುವುದಿಲ್ಲ. ಸಾವಿರಾರು ಗಂಡಸರು ಅಲ್ಲಿ ದುಡಿಯುತ್ತಾರೆ. ಅವರ ಮಕ್ಕಳೆಲ್ಲಿ?

ಉತ್ತರಕ್ಕೆ ಟೆಕ್ಸಾಸಿನವರನ್ನು ಕೇಳಬೇಕಿಲ್ಲ, ನಮ್ಮ ಕರಾವಳಿಯವರನ್ನು ಕೇಳಿ. ಮಸ್ಕತ್ತಿಗೋ ದಮ್ಮಾಮಿಗೋ ಹೋಗಿ ಲೇಬರ್ ಕ್ಯಾಂಪಿನ ಮಂಚದ ಮೇಲೆ ವರ್ಷಗಳನ್ನು ಕಳೆದ ಉಡುಪಿ, ಭಟ್ಕಳ, ಉಳ್ಳಾಲದ ಗಂಡಸರಿಗೆ ಮಕ್ಕಳಿಲ್ಲದ ತೈಲ ಎಂದರೆ ಏನೆಂದು ಗೊತ್ತು. ಹೆಂಡತಿ ಮಕ್ಕಳು ಊರಲ್ಲಿ, ಕೆಲಸ ಮರಳುಗಾಡಿನಲ್ಲಿ, ನಡುವೆ ಹಣದ ರವಾನೆ ಮತ್ತು ಫೋನು. ಅದೇ ಪದ್ಧತಿಯನ್ನು ಪಶ್ಚಿಮ ಟೆಕ್ಸಾಸ್ ಈಗ ತನ್ನ ಸ್ವಂತ ಜನರ ಮೇಲೆ ನಡೆಸುತ್ತಿದೆ. ಮ್ಯಾನ್ ಕ್ಯಾಂಪ್ ಎನ್ನುತ್ತಾರೆ. ತಗಡಿನ ಕೋಣೆಗಳ ಸಾಲು, ಊಟದ ಹಾಲು, ಎರಡು ವಾರ ಕೆಲಸ, ಒಂದು ವಾರ ಮನೆ. ಮನೆ ಎಲ್ಲೋ ನೂರಾರು ಮೈಲಿ ದೂರ. ರೇಂಜರ್ ಕಾಲದ ತೈಲಕ್ಕೆ ಕೆಲಸಗಾರ ಬೇಕಾದರೆ ಅವನ ಸಂಸಾರವನ್ನೂ ಸಹಿಸಿಕೊಳ್ಳಬೇಕಿತ್ತು. ಸಂಸಾರ ಬಂದರೆ ಶಾಲೆ ಬೇಕಿತ್ತು. ಇಂದಿನ ತೈಲ ಕೆಲಸಗಾರನ ಕೈಗಳನ್ನು ಮಾತ್ರ ಕರೆಸಿಕೊಳ್ಳುವುದನ್ನು ಕಲಿತಿದೆ. ಹಳೆಯ ಉಬ್ಬರದ ಊರುಗಳಿಗೆ ಪಾಳು ಬೀಳಲು ಶಾಲೆಯಾದರೂ ಇತ್ತು. ಇಂದಿನ ಉಬ್ಬರ ಇಳಿದಾಗ ನಾಳಿನ ಛಾಯಾಗ್ರಾಹಕನಿಗೆ ಸಿಗುವುದು ತಗಡು ಎತ್ತಿಕೊಂಡು ಹೋದ ಜಲ್ಲಿ ನೆಲ.

ಇಷ್ಟೆಲ್ಲ ಕೇಳಿದ ಮೇಲೆ ಚಿತ್ರದ ಪಕ್ಷದವರು ಕೊನೆಯ ದಾಳ ಉರುಳಿಸುತ್ತಾರೆ: ನಾವು ಹೋಗಿ ಚಿತ್ರ ತೆಗೆಯದಿದ್ದರೆ ಇಷ್ಟೂ ನೆನಪು ಉಳಿಯುತ್ತಿರಲಿಲ್ಲವಲ್ಲ. ಇದರಲ್ಲಿ ಹುರುಳಿದೆ. ಬುಲ್‌ಡೋಜರ್ ಬರುವ ಮುಂಚಿನ ಕೊನೆಯ ಗುರುತು ಎಷ್ಟೋ ಕಟ್ಟಡಗಳಿಗೆ ಇಂಥ ಚಿತ್ರವೇ. ಆದರೆ ನೆನಪಿಗೆ ಹೆಸರು ಬೇಕು. ರಸೆಲ್ ಲೀ ಎಂಬ ಛಾಯಾಗ್ರಾಹಕ 1939ರಲ್ಲಿ ಅಮೆರಿಕ ಸರ್ಕಾರದ ಕೃಷಿ ಭದ್ರತಾ ಇಲಾಖೆಯ ಪರವಾಗಿ ಪೂರ್ವ ಟೆಕ್ಸಾಸಿನ ಕಿಲ್ಗೋರ್‌ನಲ್ಲೂ ಓಕ್ಲಹೋಮಾದ ಸೆಮಿನೋಲ್ ತೈಲಕ್ಷೇತ್ರದಲ್ಲೂ ಓಡಾಡಿದ. ಆ ಇಲಾಖೆಯ ರಾಯ್ ಸ್ಟ್ರೈಕರ್ ತನ್ನವರನ್ನು ಕಾಡುತ್ತಿದ್ದದ್ದು ಇದಕ್ಕೆ: ಬರೀ ಚಿತ್ರ ಸಾಲದು, ಯಾವ ಊರು, ಯಾವ ಕೆಲಸ, ಯಾವ ತಿಂಗಳು, ಬರೆದು ಕಳಿಸಿ. ಲೀಯ ಚಿತ್ರದಲ್ಲಿ ಎಣ್ಣೆ ಮೆತ್ತಿದ ಅಂಗಿಯ ಕೆಲಸಗಾರನಿದ್ದರೆ ಅವನು ಏನು ಮಾಡುತ್ತಿದ್ದಾನೆ ಎಂದು ಕೆಳಗೆ ಬರೆದಿರುತ್ತದೆ. ಎಂಬತ್ತಕ್ಕೂ ಹೆಚ್ಚು ವರ್ಷದ ಮೇಲೂ ಅದರಿಂದ ಪ್ರಶ್ನೆ ಕೇಳಬಹುದು. 'ಟೆಕ್ಸಾಸಿನ ಯಾವುದೋ ಒಂದು ಊರಿ'ನಿಂದ ಏನು ಕೇಳುವುದು? ತಾಮ್ರದ ಕಳ್ಳರಿಗೆ ಹೆದರಿ ಊರಿನ ಹೆಸರು ಮುಚ್ಚಿಟ್ಟಾಗ ಕಳ್ಳತನವೊಂದು ಆಗಿಯೇ ಹೋಗಿರುತ್ತದೆ; ನೆಲ ಯಾರದಿತ್ತು, ಮತ ಹಾಕಿದವರು ಯಾರು, ಬಸ್ಸು ಯಾವ ವರ್ಷ ಬಂತು ಎಂದು ಕೇಳುವ ದಾರಿಯೂ ಆ ಹೆಸರಿನ ಜೊತೆಗೇ ಮುಚ್ಚಿಕೊಳ್ಳುತ್ತದೆ.

ನಾವು ಇದನ್ನೆಲ್ಲ ದೂರದ ವಿಚಿತ್ರವೆಂದು ಓದಬೇಕಾಗಿಲ್ಲ. 2001ರ ಫೆಬ್ರವರಿ 28ರಂದು ಕೋಲಾರದ ಗಣಿಗೆ ಬೀಗ ಬಿದ್ದಾ​ಗ ನಾವೂ 'ಚಿನ್ನ ಮುಗಿಯಿತು, ಅಷ್ಟೇ' ಅಂದವರು. ಮುಗಿದದ್ದು ಮೂರು ಕಿಲೋಮೀಟರಿಗೂ ಆಳದಿಂದ ಅಂದಿನ ಬೆಲೆಗೆ ಚಿನ್ನ ತೆಗೆಯುವ ಲಾಭ; ಆ ಬೆಲೆ ಆಮೇಲೆ ಏರಿದ್ದು ಮದುವೆಯ ಮನೆಯವರೆಲ್ಲರಿಗೂ ಗೊತ್ತು. ಹಳ್ಳಿಯ ಸರ್ಕಾರಿ ಶಾಲೆಗೆ ದಾಖಲಾತಿ ಕಡಿಮೆ ಎಂಬ ಕಾರಣಕ್ಕೆ 'ವಿಲೀನ'ದ ಮಾತು ಬಂದಾಗಲೂ ನಮ್ಮ ವ್ಯಾಕರಣ ಅದೇ. ಮಕ್ಕಳು ಕಡಿಮೆಯಾದರು ಎನ್ನುತ್ತೇವೆ, ಜ್ವರ ಬಂತು ಎನ್ನುವ ಹಾಗೆ.

ಆ ಹುಡುಗನಿಗೆ ಇಷ್ಟನ್ನೂ ಹೇಳಲಿಲ್ಲ. ಹೇಳಿದರೆ ಕೇಳುವ ವಯಸ್ಸೂ ಅಲ್ಲ. ಒಂದೇ ಪ್ರಶ್ನೆ ಕೇಳಿದೆ: ಇಷ್ಟು ಶಾಲೆ ಸುತ್ತಿದ್ದೀಯಲ್ಲ, ಎಷ್ಟು ಮೂಲೆಗಲ್ಲಿನ ಚಿತ್ರ ತೆಗೆದಿದ್ದೀಯ? ಅಮೆರಿಕದ ಆ ಕಾಲದ ಶಾಲೆಗಳ ಬಾಗಿಲ ಪಕ್ಕ ಸಾಮಾನ್ಯವಾಗಿ ಒಂದು ಕಲ್ಲಿರುತ್ತದೆ. ಕಟ್ಟಿದ ವರ್ಷ, ಆಡಳಿತ ಮಂಡಳಿಯವರ ಹೆಸರು, ವಾಸ್ತುಶಿಲ್ಪಿಯ ಹೆಸರು, ಗುತ್ತಿಗೆದಾರನ ಹೆಸರು. ಅವನು ತನ್ನ ಸಾವಿರಾರು ಚಿತ್ರಗಳನ್ನು ಜಾಲಾಡಿದ. ಒಂದೂ ಇರಲಿಲ್ಲ. ಕಲ್ಲು ಹೊರಗಿರುತ್ತದೆ, ಅವನು ಯಾವಾಗಲೂ ಹಿಂದಿನ ಕಿಟಕಿಯಿಂದ ಒಳಗೆ ಹೋಗುವವನು.

ಮೂರು ವಾರದ ಮೇಲೆ ಒಂದು ಚಿತ್ರ ಬಂತು. ಬಿಸಿಲಿಲ್ಲ, ನೆರಳಿಲ್ಲ, ನೇರ ಎದುರಿನಿಂದ ತೆಗೆದ ಒಂದು ಕಲ್ಲು. ಏಳು ಹೆಸರು, ಒಂದು ವರ್ಷ. ಕೆಳಗೆ ಅವನ ಪ್ರಶ್ನೆ: ಮುಚ್ಚಿದ ವರ್ಷ ಎಲ್ಲೂ ಇಲ್ಲವಲ್ಲ ಅಂಕಲ್?

ಅದನ್ನು ಕಲ್ಲಿನಲ್ಲಿ ಕೆತ್ತುವುದಿಲ್ಲ ಎಂದು ಬರೆದೆ. ಶಾಲಾ ಮಂಡಳಿಯ ನಡಾವಳಿ ಪುಸ್ತಕದಲ್ಲಿ ಸಿಗಬಹುದು. ನೆಲದ ಪತ್ರಗಳು ಕೌಂಟಿಯ ಗುಮಾಸ್ತರ ಕಚೇರಿಯಲ್ಲಿರುತ್ತವೆ, ಕೇಳಿದರೆ ತೋರಿಸುತ್ತಾರೆ.

"ಶನಿವಾರ ತೆರೆದಿರುತ್ತದಾ?"

ಇಲ್ಲ, ಸೋಮವಾರ ರಜೆ ಹಾಕು ಎಂದೆ.